ಹ್ಯಾಂಗ್ ಆಗುತ್ತಿದ್ದ ಫೋನು: ಹೊಲಿಗೆ ಅಂಗಡಿಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಕುಳಿತು, ಮೊಬೈಲಿನ ತೊಂದರೆಗಳನ್ನು ಹೊತ್ತು ಬರುವವರಿಗೆ ನೆರವಾಗುವ ಸಣ್ಣ ಸ್ವಯಂಸೇವಕರ ಗುಂಪಿನಲ್ಲಿ ನಾನೂ ಒಬ್ಬ. ಬರುವವರಲ್ಲಿ ಹೆಚ್ಚಿನವರ ದೂರು ಒಂದೇ: ಫೋನ್ ಹ್ಯಾಂಗ್ ಆಗುತ್ತದೆ. ಅಂಥ ದೂರುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇದರಲ್ಲಿ ನಾಲ್ಕೈದು ಬೇರೆ ಬೇರೆ ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು; ಅದಕ್ಕಿಂತ ಮುಖ್ಯವಾಗಿ, ಫೋನಿನ ವೇಗ ಹೆಚ್ಚಿಸಲೆಂದು ಬಳಕೆದಾರರು ಶ್ರದ್ಧೆಯಿಂದ ಮಾಡುತ್ತಿದ್ದ ಕೆಲಸಗಳೇ ಅದನ್ನು ನಿಧಾನಗೊಳಿಸುತ್ತಿದ್ದವು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಅವರ ಹೆಸರು, ಊರು, ಫೋನಿನ ಕಂಪನಿ ಯಾವುದನ್ನೂ ಹೇಳಿಲ್ಲ.

ಅವರು ನಡುವಯಸ್ಸಿನ ಮಹಿಳೆ. ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಮಳಿಗೆಯಲ್ಲಿ ರವಿಕೆ, ಚೂಡಿದಾರ್ ಹೊಲಿಯುತ್ತಾರೆ. ಗಿರಾಕಿಗಳು ರವಿಕೆಯ ಬೆನ್ನಿನ ವಿನ್ಯಾಸ, ತೋಳಿನ ಕಸೂತಿ ಮೊದಲಾದವುಗಳ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅಳತೆ ಪುಸ್ತಕದ ಪುಟಗಳ ಫೋಟೊಗಳೂ ಫೋನಿನಲ್ಲೇ ಇರುತ್ತವೆ. ಹಣ ಬರುವುದು ಬಹುಪಾಲು ಯುಪಿಐ ಮೂಲಕ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಹೀಗಾಗಿ ಕತ್ತರಿ, ಟೇಪುಗಳಷ್ಟೇ ಈ ಫೋನೂ ಅವರ ಕಸುಬಿನ ಸಲಕರಣೆ. ನಾಲ್ಕು ವರ್ಷದ ಹಿಂದೆ ಕೊಂಡ ಈ ಆಂಡ್ರಾಯ್ಡ್ ಫೋನಿಗೆ 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಇತ್ತು (ಮೊದಲನೆಯದು ಸದ್ಯ ಬಳಸುವ ಆ್ಯಪ್‌ಗಳು ಕೂರುವ ತಾತ್ಕಾಲಿಕ ಜಾಗ, ಎರಡನೆಯದು ಎಲ್ಲವನ್ನೂ ಕೂಡಿಡುವ ಜಾಗ). ಆಂಡ್ರಾಯ್ಡ್ 11ಕ್ಕೇ ಅದರ ಅಪ್‌ಡೇಟ್ ನಿಂತಿತ್ತು.

ಸಮಸ್ಯೆ

ವಾಟ್ಸ್ಆ್ಯಪ್ ತೆರೆಯಲು ತಡವಾಗುತ್ತದೆ, ಟೈಪ್ ಮಾಡಿದ ಅಕ್ಷರ ಒಂದೆರಡು ಕ್ಷಣ ಬಿಟ್ಟು ಮೂಡುತ್ತದೆ, ಗಿರಾಕಿ ಹಣ ಕಳಿಸಿ “ಬಂತಾ ನೋಡ್ರಿ ಅಕ್ಕಾ” ಎಂದು ಕಾಯುತ್ತಾ ನಿಂತರೂ ಆ್ಯಪ್ ಸುತ್ತುತ್ತಲೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಫೋನು ಕಾದು ಮುಟ್ಟಲಾಗುವುದಿಲ್ಲ, ಚಾರ್ಜ್ ಇನ್ನೂ ಇಪ್ಪತ್ತು ಪ್ರತಿಶತ ಇರುವಾಗಲೇ ಒಮ್ಮೆಲೇ ಆಫ್ ಆಗುತ್ತದೆ. ಇವೆಲ್ಲವನ್ನೂ ಅವರು “ಹ್ಯಾಂಗ್” ಎಂಬ ಒಂದೇ ಮಾತಿನಲ್ಲಿ ಹೇಳಿದ್ದರು. ಬಿಡಿಸಿ ಕೇಳುತ್ತಾ ಹೋದಾಗ ಇನ್ನೊಂದು ವಿಷಯ ಹೊರಬಿತ್ತು. ಗಿರಾಕಿಗಳ ಸಂದೇಶಗಳು ಅವರು ವಾಟ್ಸ್ಆ್ಯಪ್ ತೆರೆದಾಗ ಮಾತ್ರ ಒಟ್ಟಿಗೆ ಬಂದು ಬೀಳುತ್ತಿದ್ದವು. ಮದುವೆ ಸೀಸನ್ನಿನಲ್ಲಿ ಈ ಕಾರಣಕ್ಕೆ ಕೆಲವು ಆರ್ಡರ್‌ಗಳು ಕೈತಪ್ಪಿದ್ದವು. ಆದರೆ ಅದನ್ನು ಅವರು ಫೋನಿನ ತೊಂದರೆಯೆಂದು ಎಣಿಸಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೆಂದು ತಿಳಿದು ಸುಮ್ಮನಾಗಿದ್ದರು.

ನಮ್ಮ ಬಳಿ ಬರುವ ಮೊದಲೇ ಅವರು ಕೈಲಾದ ಪ್ರಯತ್ನಗಳನ್ನೆಲ್ಲ ಮಾಡಿದ್ದರು. ಫೋನಿನ ಕಸ ಗುಡಿಸುವುದಾಗಿ, ರ‍್ಯಾಮ್ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಎರಡು ಕ್ಲೀನರ್ ಆ್ಯಪ್‌ಗಳನ್ನು ಮಗ ಹಾಕಿಕೊಟ್ಟಿದ್ದ. ಒಂದೊಂದು ರವಿಕೆ ಮುಗಿದಾಗಲೂ ಅವರು ತೆರೆದ ಆ್ಯಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಮುಚ್ಚುತ್ತಿದ್ದರು. ರಾತ್ರಿ ಮಲಗುವಾಗ ಫೋನನ್ನು ಸ್ವಿಚ್ ಆಫ್ ಮಾಡುತ್ತಿದ್ದರು. ಮೊಬೈಲ್ ಅಂಗಡಿಯೊಂದರಲ್ಲಿ ತೋರಿಸಿದಾಗ, ಫ್ಲ್ಯಾಷ್ ಹೊಡೆಸಿ, ಇಲ್ಲವೇ ಹೊಸದು ತಗೊಳ್ಳಿ ಎಂಬ ಉತ್ತರ ಬಂದಿತ್ತು. ಫ್ಲ್ಯಾಷ್ ಹೊಡೆಸಿದರೆ, ಎಂದರೆ ಎಲ್ಲವನ್ನೂ ಅಳಿಸಿ ಫೋನಿನ ತಂತ್ರಾಂಶವನ್ನು ಹೊಸದಾಗಿ ತುಂಬಿಸಿದರೆ, ಅಳತೆಗಳು ಹೋಗುತ್ತವೆ ಎಂಬ ಅಳುಕಿನಿಂದ ಅವರು ನಮ್ಮಲ್ಲಿಗೆ ಬಂದರು.

ಮೊದಲ ನಿರ್ಧಾರ: ಮುಟ್ಟುವ ಮೊದಲು ಅಳೆಯುವುದು

ನೆರವಿಗೆ ಕೂತವರಿಗೆ ಕೈ ತುರಿಸುವುದು ಸಹಜ. ಸೆಟ್ಟಿಂಗ್ಸ್ ತೆರೆದು ಕಂಡದ್ದನ್ನೆಲ್ಲ ಬದಲಿಸಿಬಿಟ್ಟರೆ ಫೋನು ಸ್ವಲ್ಪ ಚುರುಕಾಗಲೂಬಹುದು, ಆದರೆ ಯಾವುದರಿಂದ ಆಯಿತೆಂಬುದು ತಿಳಿಯುವುದಿಲ್ಲ, ತಿಳಿಯದಿದ್ದರೆ ಮರುಕಳಿಸುವುದೂ ನಿಲ್ಲುವುದಿಲ್ಲ. ಆದ್ದರಿಂದ ಅವರು ದಿನನಿತ್ಯ ಮಾಡುವ ನಾಲ್ಕು ಕೆಲಸಗಳನ್ನು ಹಾಳೆಯ ಮೇಲೆ ಬರೆದುಕೊಂಡೆವು: ಕರೆ ಮಾಡುವ ಡಯಲ್ ಪರದೆ ತೆರೆಯುವುದು, ವಾಟ್ಸ್ಆ್ಯಪ್ ತೆರೆಯುವುದು, ಕ್ಯಾಮೆರಾದಲ್ಲಿ ಅಳತೆ ಪುಟದ ಫೋಟೊ ತೆಗೆಯುವುದು, ಯುಪಿಐ ಆ್ಯಪ್‌ನಲ್ಲಿ ಬಂದ ಹಣದ ವಿವರ ನೋಡುವುದು. ಇನ್ನೊಂದು ಫೋನಿನ ಸ್ಟಾಪ್‌ವಾಚ್ ಹಿಡಿದು ಪ್ರತಿಯೊಂದಕ್ಕೂ ತಗಲುವ ಹೊತ್ತನ್ನು ಗುರುತು ಮಾಡಿದೆವು. ವಾಟ್ಸ್ಆ್ಯಪ್ ತೆರೆಯಲು ಹನ್ನೆರಡು ಸೆಕೆಂಡಿನ ಆಸುಪಾಸು ಬೇಕಾಗುತ್ತಿತ್ತು.

ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಇಂಟರ್ನೆಟ್ಟಿಗೆ ಸಂಬಂಧವೇ ಇಲ್ಲದ ಕೆಲಸಗಳನ್ನು ಮತ್ತೆ ಮಾಡಿಸಿದೆವು. ಯಾರು ಬೇಕಾದರೂ ಮಾಡಬಹುದಾದ ಈ ಸರಳ ಪರೀಕ್ಷೆಯಿಂದ ಬಹಳಷ್ಟು ತಿಳಿಯುತ್ತದೆ. ನೆಟ್ ಇಲ್ಲದಾಗಲೂ ಡಯಲ್ ಪರದೆ, ಕೀಬೋರ್ಡ್, ಗ್ಯಾಲರಿ ತಡವರಿಸಿದರೆ ತೊಂದರೆ ಫೋನಿನೊಳಗಿದೆ. ಅವು ಸಲೀಸಾಗಿ ನಡೆದು, ನೆಟ್ ಬಂದೊಡನೆ ಎಲ್ಲವೂ ಸುತ್ತತೊಡಗಿದರೆ ತೊಂದರೆ ಸಂಪರ್ಕದ್ದು. ಈ ಫೋನಿನಲ್ಲಿ ಎರಡೂ ಇದ್ದವು. ಡಯಲ್ ಪರದೆ ಏರೋಪ್ಲೇನ್ ಮೋಡ್‌ನಲ್ಲೂ ಎಳೆಯುತ್ತಿತ್ತು. ಆದರೆ ಗ್ರಂಥಾಲಯದಲ್ಲಿ ಕೂತು ನೋಡಿದಾಗ ಯುಪಿಐ ಆ್ಯಪ್ ಅಂಗಡಿಯಲ್ಲಿ ಆಗುವಷ್ಟು ಸತಾಯಿಸಲಿಲ್ಲ. ಅಂಗಡಿಗೇ ಹೋಗಿ ನೋಡುವುದು ಒಳ್ಳೆಯದೆನಿಸಿತು.

ಅಂಗಡಿಯಲ್ಲಿ ಕಂಡದ್ದು

ಹೋಗಿದ್ದರಿಂದ ಎರಡು ವಿಷಯ ಗೊತ್ತಾಯಿತು. ಪಕ್ಕದ ಮಳಿಗೆಯವರು ಎಂದೋ ತಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಎರಡು ಗೋಡೆ, ಒಂದು ಕಬ್ಬಿಣದ ಶಟರ್ ದಾಟಿ ಬರುತ್ತಿದ್ದ ಆ ಕ್ಷೀಣ ಸಿಗ್ನಲ್‌ಗೇ ಫೋನು ಅಂಟಿಕೊಂಡಿತ್ತು. ಒಂದೇ ಗೆರೆಯ ವೈಫೈ ಇದ್ದರೂ ಫೋನು ಅದನ್ನೇ ಬಳಸಲು ನೋಡುತ್ತಿತ್ತು. ಚೆನ್ನಾಗಿಯೇ ಸಿಗುತ್ತಿದ್ದ 4ಜಿ ಡೇಟಾ ಸುಮ್ಮನೆ ಕೂತಿತ್ತು. ಆ ವೈಫೈಗೆ ತಾನಾಗಿ ಸೇರಿಕೊಳ್ಳುವ ಆಯ್ಕೆಯನ್ನು ತೆಗೆದ ಕೂಡಲೇ ಹಣ ಬಂದ ವಿವರ ಕಾಣಿಸುವುದು ಸಲೀಸಾಯಿತು. ಅವರ ದೂರಿನ ಅತ್ಯಂತ ನೋವಿನ ಭಾಗ, ಗಿರಾಕಿಯ ಮುಂದೆ ಮುಜುಗರ ತರುತ್ತಿದ್ದ ಭಾಗ, ಹೀಗೆ ಒಂದು ಸ್ವಿಚ್ಚಿನಲ್ಲಿ ಮುಗಿಯಿತು. ಫೋನಿನ ವೇಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಫೋನನ್ನು ಬದಲಿಸಿದ್ದರೂ ಹೊಸ ಫೋನಿಗೆ ಅದೇ ವೈಫೈ ಸೇರಿಸಿಕೊಂಡು ಅದೇ ತೊಂದರೆಯನ್ನು ಮುಂದುವರಿಸುತ್ತಿದ್ದರು.

ಎರಡನೆಯದು ಬಿಸಿ. ಹೊಲಿಗೆ ಯಂತ್ರದ ಎಡಕ್ಕೆ, ಇಸ್ತ್ರಿ ಮಾಡುವ ಹಲಗೆಯ ತುದಿಯಲ್ಲಿ, ಗೋಡೆಗೆ ಒರಗಿಸಿದ ಪುಟ್ಟ ಸ್ಟ್ಯಾಂಡಿನ ಮೇಲೆ ಫೋನು ನಿಂತಿರುತ್ತಿತ್ತು. ಚಾರ್ಜರ್ ಸದಾ ಚುಚ್ಚಿರುತ್ತಿತ್ತು, ಯೂಟ್ಯೂಬ್‌ನಲ್ಲಿ ಕಟಿಂಗ್ ವಿಡಿಯೊಗಳೋ ಹಾಡುಗಳೋ ಓಡುತ್ತಿದ್ದವು, ದಪ್ಪ ರಬ್ಬರ್ ಕವರ್ ಮೈತುಂಬ ಇತ್ತು, ಮಧ್ಯಾಹ್ನದ ನಂತರ ಕಿಟಕಿಯ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು, ಒಂದು ಮೊಳ ದೂರದಲ್ಲಿ ಇಸ್ತ್ರಿ ಪೆಟ್ಟಿಗೆ. ಮೊಬೈಲಿಗೆ ಫ್ಯಾನ್ ಇರುವುದಿಲ್ಲ. ಒಳಗಿನ ಶಾಖ ಹಿಂಬದಿಯಿಂದ, ಪರದೆಯಿಂದ ಹೊರಹೋಗಬೇಕು. ಹೊರಗೂ ಬಿಸಿಯಿದ್ದು, ಕವರ್ ಅಡ್ಡವಾಗಿದ್ದರೆ ಶಾಖ ಒಳಗೇ ಉಳಿಯುತ್ತದೆ. ಆಗ ಪ್ರೊಸೆಸರ್ ಸುಟ್ಟುಹೋಗಬಾರದೆಂದು ವ್ಯವಸ್ಥೆಯೇ ಅದರ ವೇಗವನ್ನು ತಗ್ಗಿಸುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಮಾತ್ರ ಸತ್ತಹಾಗೆ ಆಗುತ್ತದೆ ಎಂದು ಅವರು ಹೇಳಿದ್ದರ ಅರ್ಥ ಇದೇ ಆಗಿತ್ತು. ಸ್ಟ್ಯಾಂಡನ್ನು ಎದುರಿನ ಗೋಡೆಯ ನೆರಳಿಗೆ ಸರಿಸಿದರು. ವಿಡಿಯೊ ನೋಡುವಾಗ ಚಾರ್ಜರ್ ತೆಗೆಯುವುದೆಂದೂ, ಚಾರ್ಜ್ ಮಾಡುವಾಗ ಕವರ್ ಬಿಚ್ಚುವುದೆಂದೂ ನಿರ್ಧಾರವಾಯಿತು. ಮಧ್ಯಾಹ್ನದ ನಿಧಾನ ಅಂದಿನಿಂದಲೇ ಎಷ್ಟೋ ಕಡಿಮೆಯಾಯಿತು. ಕಾದ ಫೋನನ್ನು ಫ್ರಿಜ್ಜಿನಲ್ಲಿಡುವ ಅಭ್ಯಾಸ ಕೆಲವರಿಗಿದೆ. ಒಳಗೆ ತೇವ ಕಟ್ಟುವುದರಿಂದ ಅದು ಬಿಸಿಗಿಂತ ಹೆಚ್ಚು ಕೇಡು.

ಕ್ಲೀನರ್ ಆ್ಯಪ್‌ಗಳ ಪ್ರಶ್ನೆ

ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಫೋನಿನ ಮೇಲ್ಪಟ್ಟಿಯಲ್ಲಿ “ರ‍್ಯಾಮ್ ತುಂಬಿದೆ, ಈಗಲೇ ಸ್ವಚ್ಛಗೊಳಿಸಿ” ಎಂಬ ಸೂಚನೆ ದಿನವಿಡೀ ಮಿನುಗುತ್ತಿತ್ತು. ಲಾಕ್ ತೆಗೆದಾಗಲೆಲ್ಲ ಇಡೀ ಪರದೆಯನ್ನು ಆವರಿಸುವ ಜಾಹೀರಾತು ಬರುತ್ತಿತ್ತು. ಸೇಫ್ ಮೋಡ್‌ನಲ್ಲಿ ಫೋನ್ ಚಾಲೂ ಮಾಡಿ ನೋಡಿದೆವು. ಈ ಮೋಡ್‌ನಲ್ಲಿ ನಾವು ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳು ಕೆಲಸ ಮಾಡುವುದಿಲ್ಲ. ಜಾಹೀರಾತು ನಿಂತಿತು, ಡಯಲ್ ಪರದೆಯ ಎಳೆತವೂ ಕಡಿಮೆಯಾಯಿತು. ಎಂದರೆ ಹೊರೆಯ ಒಂದು ಪಾಲು ಹೊರಗಿನಿಂದ ಬಂದ ಆ್ಯಪ್‌ಗಳದ್ದೇ ಎಂಬುದು ಖಚಿತವಾಯಿತು.

ರ‍್ಯಾಮ್ ಖಾಲಿಯಿದ್ದಷ್ಟೂ ಫೋನು ಚುರುಕು ಎಂಬ ನಂಬಿಕೆ ಬಹಳ ವ್ಯಾಪಕ, ಮತ್ತು ಬಹಳ ತಪ್ಪು. ಬಳಸಿ ಬಿಟ್ಟ ಆ್ಯಪ್‌ಗಳನ್ನು ಆಂಡ್ರಾಯ್ಡ್ ಬೇಕೆಂದೇ ರ‍್ಯಾಮ್‌ನಲ್ಲಿ ಉಳಿಸಿಕೊಳ್ಳುತ್ತದೆ. ಮತ್ತೆ ಬೇಕಾದಾಗ ಅವು ಥಟ್ಟನೆ ಎದ್ದುಬರಲಿ ಎಂದು. ಜಾಗ ಸಾಲದಾದಾಗ ಸದ್ಯಕ್ಕೆ ಬೇಡದ್ದನ್ನು ತಾನೇ ಹೊರಹಾಕುವ ವ್ಯವಸ್ಥೆ ಅದರಲ್ಲಿದೆ. ಹಳೆಯ ವಿಷಯವನ್ನು ರ‍್ಯಾಮ್‌ನೊಳಗೇ ಕುಗ್ಗಿಸಿ ಇಡುವ ವಿಧಾನವೂ ಇದೆ. ನಾವು ಎಲ್ಲವನ್ನೂ ತಳ್ಳಿ ಮುಚ್ಚಿದಾಗ, ಮುಂದಿನ ಬಾರಿ ಆ್ಯಪ್ ಸ್ಟೋರೇಜ್‌ನಿಂದ ಮೊದಲಿನಿಂದ ಎದ್ದುಬರಬೇಕು, ಅದಕ್ಕೆ ಹೊತ್ತೂ ಬೇಕು, ಬ್ಯಾಟರಿಯೂ ಬೇಕು. ಇದನ್ನು ನಾನು ತಾಂತ್ರಿಕವಾಗಿ ವಿವರಿಸುತ್ತಿದ್ದಾಗ ಅವರೇ ಅದನ್ನು ತಮ್ಮ ಕೆಲಸಕ್ಕೆ ಹೋಲಿಸಿ ಹೇಳಿದರು: “ಅಂದ್ರೆ ಒಂದೊಂದು ಹೊಲಿಗೆ ಹಾಕಿದ ಮೇಲೂ ಕತ್ರಿ, ಟೇಪು, ದಾರದುಂಡೆ ಎಲ್ಲಾ ಬೀರುವಿನಲ್ಲಿಟ್ಟು ಬೀಗ ಹಾಕ್ದಂಗೆ, ಅಲ್ವಾ ಸರ್?” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಂದಿನಿಂದ ಬೇರೆಯವರಿಗೆ ತಿಳಿಸುವಾಗ ಅವರ ಮಾತನ್ನೇ ಬಳಸುತ್ತಿದ್ದೇನೆ.

ಇನ್ನೊಂದು ಗಂಭೀರ ಸಂಗತಿ ಆ್ಯಪ್‌ಗಳ ಅನುಮತಿಗಳನ್ನು ನೋಡಿದಾಗ ತಿಳಿಯಿತು. ಎರಡರಲ್ಲಿ ಒಂದು ಕ್ಲೀನರ್‌ಗೆ ಆ್ಯಕ್ಸೆಸಿಬಿಲಿಟಿ ಅನುಮತಿ ದೊರೆತಿತ್ತು. ಅಂಗವೈಕಲ್ಯ ಇರುವವರಿಗೆ ಫೋನ್ ಬಳಕೆ ಸುಲಭವಾಗಲೆಂದು ಇರುವ ಸೌಲಭ್ಯವದು. ಅದನ್ನು ಪಡೆದ ಆ್ಯಪ್ ಪರದೆಯ ಮೇಲಿನದನ್ನು ಓದಬಲ್ಲದು, ನಮ್ಮ ಪರವಾಗಿ ಬಟನ್‌ಗಳನ್ನೂ ಒತ್ತಬಲ್ಲದು. ಆ ಶಕ್ತಿಯನ್ನು ಬಳಸಿ ಈ ಆ್ಯಪ್ ಸದ್ದಿಲ್ಲದೆ ಬೇರೆ ಆ್ಯಪ್‌ಗಳ “ಫೋರ್ಸ್ ಸ್ಟಾಪ್” ಒತ್ತುತ್ತಿತ್ತು. ಹಾಗೆ ಬಲವಂತವಾಗಿ ನಿಲ್ಲಿಸಿದ ಆ್ಯಪ್‌ಗೆ, ಬಳಕೆದಾರರೇ ಅದನ್ನು ಮತ್ತೆ ತೆರೆಯುವತನಕ ಸಂದೇಶಗಳು ತಲುಪುವುದಿಲ್ಲ. ಗಿರಾಕಿಗಳ ಆರ್ಡರ್‌ಗಳು ತಡವಾಗಿ ಬಂದದ್ದು ಈ ಕಾರಣಕ್ಕೆ. ನೆಟ್‌ವರ್ಕ್ ಮೇಲೆ ಹಾಕಿದ ತಪ್ಪು ನಿಜವಾಗಿ ಈ ಶುಚಿಕಾರ್ಯದ್ದಾಗಿತ್ತು. ಯುಪಿಐ ಪಿನ್ ಒತ್ತುವ ಫೋನಿನಲ್ಲಿ ಪರದೆ ಓದುವ ಅಧಿಕಾರವನ್ನು ಗುರುತುಪರಿಚಯವಿಲ್ಲದ ಆ್ಯಪ್‌ಗೆ ಕೊಟ್ಟಿರುವುದು ವೇಗದ ಪ್ರಶ್ನೆಗಿಂತ ದೊಡ್ಡ ಅಪಾಯ. ಆ ಅನುಮತಿಯನ್ನು ಮೊದಲು ತೆಗೆದು, ಎರಡೂ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿದೆವು. ಯುಪಿಐ ಪಿನ್ ಬದಲಿಸಿಕೊಳ್ಳಲು ಹೇಳಿದೆವು.

2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಗೂಗಲ್ ಒಂದು ಬದಲಾವಣೆ ಮಾಡಿತು. ಹಿನ್ನೆಲೆ ಪ್ರಕ್ರಿಯೆಗಳನ್ನು (ಪರದೆಯ ಮೇಲೆ ಕಾಣದೆ ಒಳಗೆ ಓಡುತ್ತಿರುವ ಕೆಲಸಗಳನ್ನು) ಕೊಲ್ಲುವ ಆಜ್ಞೆಯನ್ನು ಒಂದು ಆ್ಯಪ್ ತನ್ನದೇ ಪ್ರಕ್ರಿಯೆಗಳ ಮೇಲೆ ಮಾತ್ರ ಬಳಸಬಹುದು, ಪರರ ಮೇಲಲ್ಲ. ವ್ಯವಸ್ಥೆಯನ್ನು ಕಟ್ಟಿದವರೇ ಈ ದಾರಿ ಮುಚ್ಚಿದ್ದಾರೆಂದ ಮೇಲೆ, ರ‍್ಯಾಮ್ ಗುಡಿಸುವ ಆ್ಯಪ್‌ಗಳ ಉಪಯುಕ್ತತೆಯ ಬಗ್ಗೆ ಹೆಚ್ಚೇನೂ ವಾದಿಸಬೇಕಿಲ್ಲ.

ರಿಸೆಟ್ ಬೇಡವೆಂದದ್ದು ಏಕೆ

ಈ ಹಂತದಲ್ಲಿ ಗುಂಪಿನಲ್ಲೇ ಚರ್ಚೆಯಾಯಿತು. ಒಮ್ಮೆ ಪೂರ್ತಿ ರಿಸೆಟ್ ಮಾಡಿ, ಎಂದರೆ ಎಲ್ಲವನ್ನೂ ಅಳಿಸಿ ಫೋನನ್ನು ಹೊಸದರಂತೆ ಮಾಡಿಬಿಟ್ಟರೆ, ಉಳಿದದ್ದೆಲ್ಲ ಒಟ್ಟಿಗೆ ಮುಗಿಯುತ್ತದೆ ಎಂಬುದು ಕೆಲವರ ವಾದ. ತಾಂತ್ರಿಕವಾಗಿ ಅದರಲ್ಲಿ ಹುರುಳಿತ್ತು. ಆದರೆ ರಿಸೆಟ್ ಮಾಡುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಫೋನಿನಲ್ಲಿರುವ ಗೂಗಲ್ ಖಾತೆ ಯಾರದ್ದು, ಪಾಸ್‌ವರ್ಡ್ ಗೊತ್ತೇ? ಗೊತ್ತಿರಲಿಲ್ಲ. ಫೋನ್ ಕೊಂಡ ದಿನ ಅಂಗಡಿಯ ಹುಡುಗ ಏನೋ ಒಂದು ಹೆಸರು, ಏನೋ ಒಂದು ಪಾಸ್‌ವರ್ಡ್ ಹಾಕಿ ಖಾತೆ ತೆರೆದುಕೊಟ್ಟಿದ್ದ. ನಮ್ಮ ಊರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ತಮ್ಮ ಜಿಮೇಲ್ ವಿಳಾಸವೇ ಗೊತ್ತಿಲ್ಲದವರು ವಾರ ವಾರವೂ ನಮ್ಮ ಮುಂದೆ ಕೂರುತ್ತಾರೆ.

2015ರ ಆಂಡ್ರಾಯ್ಡ್ 5.1ರಿಂದ ಒಂದು ಕಳ್ಳತನ ತಡೆ ವ್ಯವಸ್ಥೆ ಬಂದಿದೆ. ಬಟನ್‌ಗಳನ್ನು ಒತ್ತಿ ರಿಕವರಿ ಪರದೆಯಿಂದ ರಿಸೆಟ್ ಮಾಡಿದರೆ, ಫೋನು ಮತ್ತೆ ಎದ್ದಾಗ ಹಿಂದಿನ ಗೂಗಲ್ ಖಾತೆಯ ಪಾಸ್‌ವರ್ಡನ್ನೋ ಹಳೆಯ ಸ್ಕ್ರೀನ್ ಲಾಕನ್ನೋ ಕೇಳುತ್ತದೆ. ಕೊಡಲಾಗದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಈ ಫೋನಿಗೆ ಸ್ಕ್ರೀನ್ ಲಾಕ್ ಇರಲಿಲ್ಲ. ಮೊಬೈಲ್ ಅಂಗಡಿಯವರ ಮಾತು ಕೇಳಿ ಹಾಗೆ ಎಲ್ಲವನ್ನೂ ಅಳಿಸಿಸಿದ್ದರೆ ತಮ್ಮದೇ ಫೋನಿನಿಂದ ಅವರು ಹೊರಗುಳಿಯುವ ಅಪಾಯವಿತ್ತು. ವಾಟ್ಸ್ಆ್ಯಪ್‌ನ ಗೂಗಲ್ ಬ್ಯಾಕಪ್ ಕೂಡ ಅದೇ ಖಾತೆಗೆ ಹೊಂದಿಕೊಂಡಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಬ್ಯಾಕಪ್ ನಿಂತು ಹೋಗಿ ಬಹಳ ಕಾಲವಾಗಿತ್ತು. ಉಚಿತವಾಗಿ ಸಿಗುವ 15 ಜಿಬಿ ತುಂಬಿತ್ತು. ಹಾಗಾಗಿ ವೇಗದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಅವರ ಮೊಬೈಲ್ ನಂಬರ್ ಮೂಲಕ ಖಾತೆಯ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಅವರೇ ತಮ್ಮ ಅಳತೆ ಪುಸ್ತಕದ ಜೊತೆ ಬೀರುವಿನಲ್ಲಿಡುವ ಬೇರೆ ಹಾಳೆಯೊಂದರ ಮೇಲೆ ಬರೆದುಕೊಳ್ಳುವಂತೆ ಮಾಡಿದೆವು. ಸ್ಕ್ರೀನ್ ಲಾಕ್ ಹಾಕಿಸಿದೆವು. ಯಾರ ಫೋನನ್ನಾದರೂ ಸರಿಪಡಿಸಲು ಕೂರುವವರು ಖಾತೆಯ ವಿಚಾರವನ್ನು ಎಲ್ಲಕ್ಕಿಂತ ಮೊದಲು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಿಧಾನದ ಫೋನನ್ನು ಹೇಗೋ ಬಳಸಬಹುದು, ಬೀಗ ಬಿದ್ದ ಫೋನನ್ನು ಬಳಸಲಾಗದು.

ಜಾಗದ ಸಮಸ್ಯೆ ಮತ್ತು ಅಳಿಸುವ ಹಕ್ಕು

ಸ್ಟೋರೇಜ್‌ನಲ್ಲಿ ಖಾಲಿ ಉಳಿದಿದ್ದು 1 ಜಿಬಿಗೂ ಕಡಿಮೆ. ಇದು ಏಕೆ ಮುಖ್ಯವೆಂದರೆ, ಫೋನಿನ ಫ್ಲ್ಯಾಷ್ ಮೆಮೊರಿಯಲ್ಲಿ (ಸ್ಟೋರೇಜ್‌ನ ಚಿಪ್‌ನಲ್ಲಿ) ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗುವುದಿಲ್ಲ. ಬರೆಯುವುದು ಸಣ್ಣ ಸಣ್ಣ ತುಣುಕುಗಳಲ್ಲಿ, ಅಳಿಸುವುದು ಮಾತ್ರ ದೊಡ್ಡ ದೊಡ್ಡ ಬ್ಲಾಕ್‌ಗಳಲ್ಲಿ. ಖಾಲಿ ಬ್ಲಾಕ್‌ಗಳು ಧಾರಾಳವಾಗಿದ್ದರೆ ಬರಹ ಸರಾಗ. ಇಲ್ಲದಿದ್ದರೆ ಬೇಕಾದ ತುಣುಕುಗಳನ್ನು ಬೇರೆಡೆಗೆ ಸರಿಸಿ, ಬ್ಲಾಕನ್ನು ಅಳಿಸಿ, ಆಮೇಲೆ ಬರೆಯಬೇಕು. ಅಗ್ಗದ ಫೋನ್‌ಗಳಲ್ಲಿ ಬಳಸುವ ಇಎಂಎಂಸಿ ಮೆಮೊರಿ, ದುಬಾರಿ ಫೋನ್‌ಗಳ ಯುಎಫ್‌ಎಸ್‌ಗಿಂತ ಮೊದಲೇ ನಿಧಾನ. ಒಂದು ಸಂದೇಶ ಬಂದರೂ, ಒಂದು ಅಕ್ಷರ ಟೈಪ್ ಮಾಡಿದರೂ ಹಿನ್ನೆಲೆಯಲ್ಲಿ ಏನಾದರೂ ಬರೆಯುವುದು ನಡೆದೇ ಇರುತ್ತದೆ. ಆದ್ದರಿಂದ ತುಂಬಿದ ಸ್ಟೋರೇಜ್ ಇಡೀ ಫೋನನ್ನು ಹಿಡಿದು ಎಳೆಯುತ್ತದೆ.

ಜಾಗದ ಮೂರನೇ ಒಂದು ಭಾಗಕ್ಕೂ ಹೆಚ್ಚನ್ನು ವಾಟ್ಸ್ಆ್ಯಪ್ ಒಂದೇ ತಿಂದಿತ್ತು. ಶುಭೋದಯದ ಚಿತ್ರಗಳು, ಸಂಬಂಧಿಕರ ಗುಂಪಿನ ವಿಡಿಯೊಗಳು, ಹೊಲಿಗೆಯವರ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತಿ ಬಂದ ವಿನ್ಯಾಸಗಳು. ಅವರು ಗಿರಾಕಿಗಳಿಗೆ ಕಳಿಸಿದ ಚಿತ್ರಗಳದ್ದೂ ಒಂದೊಂದು ಪ್ರತಿ “ಸೆಂಟ್” ಫೋಲ್ಡರ್‌ನಲ್ಲಿ ಕೂತಿತ್ತು. ಇಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ ಒಮ್ಮೆಗೇ ಅಳಿಸುವುದು ನಿಮಿಷದ ಕೆಲಸ. ಅದನ್ನು ಮಾಡಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಯಾವ ಚಿತ್ರ ಕಸ, ಯಾವುದು ಕಸುಬು ಎಂಬುದು ನಮಗೆ ತಿಳಿಯುವ ವಿಷಯವಲ್ಲ. ಮಸುಕಾದ ಒಂದು ಬಟ್ಟೆಯ ಫೋಟೊವನ್ನು ನಮ್ಮಲ್ಲೊಬ್ಬರು ಅಳಿಸೋಣವೇ ಎಂದಾಗ ಅವರು ತಡೆದರು. ಗಿರಾಕಿಯೊಬ್ಬರ ತಾಯಿಯ ಹಳೆಯ ರವಿಕೆಯ ಕಂಠದ ಆಕಾರವದು, ಅದೇ ತರಹ ಬೇಕೆಂದು ಕೇಳಿದ್ದರಂತೆ.

ಹೀಗಾಗಿ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ನಿರ್ವಹಣೆಯ ಪುಟದಲ್ಲಿ, ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂಬ ಎರಡು ವಿಭಾಗಗಳನ್ನು ಮೊದಲು ತೆರೆದೆವು. ಅಲ್ಲಿ ಸಿಕ್ಕಿದ್ದು ಬಹುಪಾಲು ವಿಡಿಯೊ. ಅವರೇ ನೋಡಿ ನೋಡಿ ಅಳಿಸಿದರು. ನಂತರ ಒಂದೊಂದು ಗುಂಪಿನದ್ದು. ಗಿರಾಕಿಗಳ ವಿನ್ಯಾಸಗಳನ್ನೂ ಅಳತೆ ಪುಟಗಳನ್ನೂ ಕೇಬಲ್ ಹಾಕಿ ಮಗನ ಲ್ಯಾಪ್‌ಟಾಪ್‌ಗೆ ಸೇರಿಸಿ, ಅಲ್ಲಿ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ಫೋನಿನಿಂದ ಹಳೆಯವನ್ನು ತೆಗೆದೆವು. ಗ್ಯಾಲರಿಯ ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು, ಇಲ್ಲದಿದ್ದರೆ ಅಳಿಸಿದ್ದು ಇನ್ನೂ ಕೆಲವು ವಾರ ಜಾಗ ಹಿಡಿದೇ ಇರುತ್ತದೆ. ಯೂಟ್ಯೂಬ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದ ಕಟಿಂಗ್ ವಿಡಿಯೊಗಳಲ್ಲಿ ಕಲಿತು ಮುಗಿಸಿದವನ್ನು ತೆಗೆದರು. ಕೊನೆಯಲ್ಲಿ ವಾಟ್ಸ್ಆ್ಯಪ್‌ನ ತಾನಾಗಿ ಡೌನ್‌ಲೋಡ್ ಆಗುವ ಆಯ್ಕೆಯನ್ನು ನಿಲ್ಲಿಸಿದೆವು. ಅದನ್ನು ಹಾಗೇ ಬಿಟ್ಟಿದ್ದರೆ ಈ ಇಡೀ ಶ್ರಮ ಎರಡು ತಿಂಗಳಲ್ಲಿ ನೀರಲ್ಲಿ ಹೋಮ ಆಗುತ್ತಿತ್ತು. 6 ಜಿಬಿಗೂ ಹೆಚ್ಚು ಜಾಗ ತೆರವಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಆ್ಯಪ್ ಮಾಹಿತಿಯ ಪುಟದಲ್ಲಿ “ಕ್ಯಾಶ್ ಅಳಿಸಿ”, “ಡೇಟಾ ಅಳಿಸಿ” ಎಂಬ ಎರಡು ಬಟನ್‌ಗಳು ಅಕ್ಕಪಕ್ಕ ಇರುತ್ತವೆ. ಕ್ಯಾಶ್ ಎಂದರೆ ಬೇಗ ಸಿಗಲೆಂದು ಆ್ಯಪ್ ಇಟ್ಟುಕೊಂಡ ತಾತ್ಕಾಲಿಕ ಪ್ರತಿಗಳು; ಅದು ಹೋದರೆ ಆ್ಯಪ್ ಮತ್ತೆ ಕಟ್ಟಿಕೊಳ್ಳುತ್ತದೆ. ಡೇಟಾ ಹೋದರೆ ಆ್ಯಪ್ ಹೊಸದಾಗಿ ಹಾಕಿದ ಸ್ಥಿತಿಗೆ ಮರಳುತ್ತದೆ. ಯುಪಿಐ ಆ್ಯಪ್‌ನಲ್ಲಿ ಹಾಗೆ ಮಾಡಿದರೆ ಬ್ಯಾಂಕಿಗೆ ನೋಂದಾಯಿಸಿದ ಸಿಮ್‌ನಿಂದ ಎಸ್ಎಂಎಸ್ ಹೋಗಿ ಮತ್ತೆ ನೋಂದಣಿಯಾಗಬೇಕು. ಆ ಹೊತ್ತಿಗೆ ರೀಚಾರ್ಜ್ ಮುಗಿದಿದ್ದರೆ ಅಂಗಡಿಯ ವ್ಯವಹಾರವೇ ನಿಲ್ಲುತ್ತದೆ.

ರಾತ್ರಿಯ ವಿಶ್ರಾಂತಿ

ಇಷ್ಟಾದ ಮೇಲೆ ವಾಟ್ಸ್ಆ್ಯಪ್ ತೆರೆಯುವ ಹೊತ್ತು ಏಳೆಂಟು ಸೆಕೆಂಡಿಗೆ ಇಳಿಯಿತು. ನಾವು ಎಣಿಸಿದ್ದಕ್ಕಿಂತ ಇದು ಹೆಚ್ಚೇ ಇತ್ತು. ತಂತ್ರಜ್ಞರಿಗೆಂದು ಸೆಟ್ಟಿಂಗ್ಸ್‌ನಲ್ಲಿ ಅಡಗಿಸಿಟ್ಟಿರುವ ಡೆವಲಪರ್ ಆಯ್ಕೆಗಳಲ್ಲಿ ಪರದೆಯ ಚಲನೆಯ (ಅನಿಮೇಷನ್) ಅಳತೆಯನ್ನು 1ರಿಂದ 0.5ಕ್ಕೆ ಇಳಿಸಿ ನೋಡಿದೆವು. ಕಣ್ಣಿಗೆ ಚುರುಕೆನಿಸಿತು, ಸ್ಟಾಪ್‌ವಾಚ್‌ನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆಗ ಅವರ ದಿನಚರಿಯನ್ನು ಮತ್ತೆ ಕೇಳಿದಾಗ ರಾತ್ರಿ ಸ್ವಿಚ್ ಆಫ್ ಮಾಡುವ ವಿಷಯ ಮುನ್ನೆಲೆಗೆ ಬಂತು. ಅದು ಬೇಡವೆಂದಾಗ ಅವರಿಗೆ ಆಶ್ಚರ್ಯ. “ಇಡೀ ದಿನ ದುಡಿದಿರುತ್ತೆ, ರಾತ್ರಿಯಾದ್ರೂ ಅದಕ್ಕೆ ರೆಸ್ಟ್ ಬೇಡ್ವಾ ಸರ್?”

ಆಂಡ್ರಾಯ್ಡ್ ತನ್ನ ಮನೆಗೆಲಸವನ್ನು ಮಾಡಿಕೊಳ್ಳುವುದು, ಫೋನು ಚಾರ್ಜ್‌ಗೆ ಇಟ್ಟು ಯಾರೂ ಮುಟ್ಟದೆ ಇರುವಾಗ. ಅಳಿಸಿದ ಕಡತಗಳ ಜಾಗ ಇನ್ನು ಬೇಕಿಲ್ಲವೆಂದು ಫ್ಲ್ಯಾಷ್ ಮೆಮೊರಿಗೆ ತಿಳಿಸುವ ಟ್ರಿಮ್ ಎಂಬ ಕೆಲಸ 2013ರ ಆಂಡ್ರಾಯ್ಡ್ 4.3ರಿಂದ ಹೀಗೆ ಬಿಡುವಿನ ವೇಳೆಯಲ್ಲಿ ನಡೆಯುತ್ತದೆ. 2016ರ ಆಂಡ್ರಾಯ್ಡ್ 7ರಿಂದ, ನಾವು ಹೆಚ್ಚು ಬಳಸುವ ಆ್ಯಪ್‌ಗಳ ಭಾಗಗಳನ್ನು ಗುರುತಿಸಿ, ಬೇಗ ತೆರೆಯುವಂತೆ ಮೊದಲೇ ಸಿದ್ಧಪಡಿಸಿಡುವ ಕೆಲಸವೂ ಆಗಲೇ ಆಗುತ್ತದೆ. ಹಗಲೆಲ್ಲ ಚಾರ್ಜ್ ಹಾಕಿಕೊಂಡೇ ವಿಡಿಯೊ ನೋಡಿ, ರಾತ್ರಿ ಆಫ್ ಮಾಡುವ ಈ ದಿನಚರಿಯಲ್ಲಿ ಫೋನಿಗೆ ಆ ಬಿಡುವೇ ಸಿಗುತ್ತಿರಲಿಲ್ಲ. ರಾತ್ರಿ ಸದ್ದು ನಿಲ್ಲಿಸಿ, ಕವರ್ ಬಿಚ್ಚಿ, ದಿಂಬು ಹಾಸಿಗೆಗಳಿಂದ ದೂರ, ಗಟ್ಟಿಯಾದ ಜಾಗದಲ್ಲಿ ಚಾರ್ಜ್‌ಗೆ ಇಟ್ಟು, ಆಫ್ ಮಾಡದೆ ಬಿಡುವಂತೆ ಹೇಳಿದೆವು. ಪೂರ್ತಿ ತುಂಬಿದ ಮೇಲೆ ಚಾರ್ಜಿಂಗನ್ನು ನಿಲ್ಲಿಸುವ ವ್ಯವಸ್ಥೆ ಫೋನಿನೊಳಗೇ ಇದೆ ಎಂದು ವಿವರಿಸಿದ ಮೇಲೆ ಅವರು ಒಪ್ಪಿದರು. ಆಗೊಮ್ಮೆ ಈಗೊಮ್ಮೆ ರೀಸ್ಟಾರ್ಟ್ ಮಾಡುವುದರಲ್ಲಿ ತಪ್ಪಿಲ್ಲ, ಅದರಿಂದ ಒಳಿತೂ ಇದೆ. ರಾತ್ರಿಯಿಡೀ ಆರಿಸಿಡುವುದು ಬೇರೆ ಮಾತು. ಮುಂದಿನ ವಾರ ಬಂದಾಗ ವಾಟ್ಸ್ಆ್ಯಪ್ ನಾಲ್ಕು ಸೆಕೆಂಡಿನ ಹತ್ತಿರಕ್ಕೆ ಬಂದಿತ್ತು.

ಉಳಿದದ್ದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಒಳಗಿನ ಪ್ರತಿರೋಧ ಏರುತ್ತದೆ. ಕ್ಯಾಮೆರಾ ತೆರೆದಂಥ ಸಂದರ್ಭದಲ್ಲಿ ಒಮ್ಮೆಲೇ ಹೆಚ್ಚು ಕರೆಂಟ್ ಬೇಕಾದಾಗ ವೋಲ್ಟೇಜ್ ಕುಸಿದು, ಪ್ರತಿಶತ ಎಷ್ಟೇ ತೋರಿಸುತ್ತಿದ್ದರೂ ಫೋನು ಆಫ್ ಆಗುತ್ತದೆ. ಹೀಗೆ ಆಫ್ ಆಗುವುದನ್ನು ತಪ್ಪಿಸಲು ಹಳೆಯ ಬ್ಯಾಟರಿಯ ಐಫೋನ್‌ಗಳ ವೇಗವನ್ನು ತಗ್ಗಿಸುತ್ತಿದ್ದುದಾಗಿ ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. 2018ರ ಐಒಎಸ್ 11.3ರಲ್ಲಿ ಬ್ಯಾಟರಿಯ ಸ್ಥಿತಿ ತೋರಿಸುವ ಪುಟ ಬಂದದ್ದು ಆ ಬಳಿಕವೇ. ಈ ಫೋನಿನ ಬ್ಯಾಟರಿಯ ವಿಷಯದಲ್ಲಿ ಸೆಟ್ಟಿಂಗ್ಸ್‌ನಿಂದ ಸರಿಹೋಗುವಂಥದ್ದು ಏನೂ ಇರಲಿಲ್ಲ. ಬೆನ್ನಿನ ಭಾಗ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಬದಲಿಸಿಕೊಳ್ಳಲು ಸೂಚಿಸಿದೆವು. ಬದಲಿಸಿದ ಮೇಲೆ ಹಠಾತ್ತನೆ ಆಫ್ ಆಗುವುದು ನಿಂತಿತು.

ಇದರಿಂದ ಕಲಿತದ್ದು

ನಿಧಾನವೆಂಬ ಒಂದು ದೂರಿನ ಹಿಂದೆ ಇಲ್ಲಿ ವೈಫೈ, ಬಿಸಿ, ಕ್ಲೀನರ್ ಆ್ಯಪ್, ತುಂಬಿದ ಸ್ಟೋರೇಜ್, ಹಳೆಯ ಬ್ಯಾಟರಿ ಎಲ್ಲವೂ ಇದ್ದವು. ಒಂದೊಂದನ್ನೇ ಬದಲಿಸಿ, ಪ್ರತಿ ಬಾರಿಯೂ ಅದೇ ನಾಲ್ಕು ಕೆಲಸಗಳ ಹೊತ್ತನ್ನು ಅಳೆದಿದ್ದರಿಂದಲೇ ಯಾವುದರ ಪಾಲು ಎಷ್ಟೆಂದು ತಿಳಿಯಿತು. ಆ ಹಾಳೆ ಅವರ ಕೈಯಲ್ಲೇ ಇದ್ದುದು ಇನ್ನೂ ದೊಡ್ಡ ಲಾಭ. ಸಂಖ್ಯೆಗಳನ್ನು ತಾವೇ ಕಂಡಿದ್ದರಿಂದ, ಮಗ ಮತ್ತೊಂದು ಬೂಸ್ಟರ್ ಆ್ಯಪ್ ಹಾಕಲು ಬಂದಾಗ ಅವರೇ ಬೇಡವೆಂದರು. ಕಾರಣ ಹೇಳದೆ ಬರೀ ಸೆಟ್ಟಿಂಗ್ಸ್ ಬದಲಿಸಿ ಕಳಿಸಿದವರು ಹಳೆಯ ಅಭ್ಯಾಸಕ್ಕೆ ಮರಳುವುದನ್ನು ಬೇರೆ ಪ್ರಕರಣಗಳಲ್ಲಿ ನೋಡಿದ್ದೇವೆ. ಜನರ ಅಭ್ಯಾಸಗಳ ಹಿಂದೆ ಒಂದು ಲೆಕ್ಕಾಚಾರ ಇರುತ್ತದೆ: ದುಡಿದದ್ದಕ್ಕೆ ವಿಶ್ರಾಂತಿ ಬೇಕು, ತೆರೆದದ್ದನ್ನು ಮುಚ್ಚಬೇಕು. ಆ ಲೆಕ್ಕಾಚಾರವನ್ನು ಗೌರವದಿಂದ ಕೇಳಿ, ಫೋನಿನ ಮಟ್ಟಿಗೆ ಅದೇಕೆ ಹೊಂದುವುದಿಲ್ಲವೆಂದು ತಿಳಿಸಿದಾಗ ಮಾತ್ರ ಬದಲಾವಣೆ ಉಳಿಯುತ್ತದೆ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. 3 ಜಿಬಿ ರ‍್ಯಾಮ್ ಹಾಗೆಯೇ ಇದೆ. ಕ್ಯಾಮೆರಾದಿಂದ ವಾಟ್ಸ್ಆ್ಯಪ್‌ಗೆ ಮರಳಿದಾಗ ಬರೆಯುತ್ತಿದ್ದ ಸಂದೇಶದ ಪುಟ ಕೆಲವೊಮ್ಮೆ ಹೊಸದಾಗಿ ತೆರೆದುಕೊಳ್ಳುತ್ತದೆ. ಆ ಮಾದರಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತಿರುವುದರಿಂದ, ಹಣದ ವ್ಯವಹಾರ ಮಾಡುವ ಫೋನಾಗಿ ಅದನ್ನು ಬಹಳ ಕಾಲ ಬಳಸಬಾರದೆಂದೂ ತಿಳಿಸಿದ್ದೇವೆ. ದೀಪಾವಳಿಯ ಹೊಲಿಗೆ ಮುಗಿದ ಮೇಲೆ ಹೊಸದನ್ನು ಕೊಳ್ಳುವುದೆಂದು ಅವರು ನಿರ್ಧರಿಸಿದ್ದಾರೆ. ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡುವ ಮೊದಲು 128 ಜಿಬಿ ಸ್ಟೋರೇಜ್ ಇದೆಯೇ, ಅದು ಯುಎಫ್‌ಎಸ್ ಮಾದರಿಯದೇ, ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ ಎಂಬ ಮೂರನ್ನು ಕೇಳಲು ಬರೆದುಕೊಟ್ಟಿದ್ದೇವೆ. ಅಂಗಡಿಯಲ್ಲಿ ಹೊಸ ಖಾತೆ ತೆರೆಯಲು ಬಿಡದೆ, ಹಾಳೆಯ ಮೇಲೆ ತಾವೇ ಬರೆದಿಟ್ಟುಕೊಂಡಿರುವ ಖಾತೆಯಿಂದಲೇ ಅದನ್ನು ಚಾಲೂ ಮಾಡಿಸಿಕೊಳ್ಳುತ್ತೇನೆಂದು ಅವರು ಹೇಳಿದ್ದಾರೆ.